ಒಗಿಬ್ಯಾಡ್ರಿ, ಬೇಕಾಗತೈತಿ

ನಮ್ಮ ಮನೆಯಲ್ಲಿ ಖಾಲಿಯಾದದ್ದು ಅಂತ ಈಗ ಯಾವುದೂ ಇಲ್ಲ. ಎಣ್ಣೆ ತೀರಿದ ಬಾಟಲಿ ಮುಂದೆ ಹೂದಾನಿಯಾಗಲಿರುವ ಉಮೇದುವಾರ. ಉಪ್ಪಿನಕಾಯಿ ಬರಣಿ, ಕರದಂಟಿನ ಡಬ್ಬಿ, ತೆಂಗಿನ ಚಿಪ್ಪು, ಹಳೆಯ ಲಗ್ನಪತ್ರಿಕೆ ಎಲ್ಲ ಅಟ್ಟದ ಮೇಲೆ ಪಾಳಿ ಹಚ್ಚಿ ಕುಳಿತಿವೆ. ನಾನು ಏನಾದರೂ ಹಿಡಿದು ಹೊರಗೆ ಕಾಲಿಟ್ಟರೆ ಸಾಕು, ಅಡಿಗೆಮನೆಯಿಂದ ಕೂಗು ಬರುತ್ತದೆ: "ಒಗಿಬ್ಯಾಡ್ರಿ, ಬೇಕಾಗತೈತಿ!" ಯಾವುದಕ್ಕೆ ಅಂತ ಕೇಳಿದರೆ, "ಬೇಕಾದಾಗ ಗೊತ್ತಾಗತೈತಿ" ಅನ್ನುತ್ತಾಳೆ. ಬಣ್ಣ ಹಚ್ಚಿ ಮನೆ ಸಿಂಗರಿಸುವ ಹುಚ್ಚು ನನ್ನಾಕೆಗೆ ಹತ್ತಿದಂದಿನಿಂದ ಮೋಡಕಾ ಸಾಮಾನಿನವನು ನಮ್ಮ ಓಣಿಗೆ ಬರುವುದನ್ನೇ ಬಿಟ್ಟಿದ್ದಾನೆ.

ಈ ಹುಚ್ಚಿಗೆ ಗೋಕಾಕ ಫಾಲ್ಸ್‌ನಂಥ ಊರು ಮತ್ತೊಂದಿಲ್ಲ. ಘಟಪ್ರಭೆಯ ನೀರಿನ ಬಲದಿಂದ 1887ರಷ್ಟು ಹಿಂದೆಯೇ ನಡೆದ ನೂಲಿನ ಗಿರಣಿಯ ಊರು ಇದು. ನೂಲು ಸುತ್ತುವ ರಟ್ಟಿನ ಕೋನುಗಳು ಇಲ್ಲಿ ಯಾವ ಹಳೆಯ ಮನೆಯ ಮೂಲೆ ತಡಕಿದರೂ ಸಿಕ್ಕಾವು. ಅದನ್ನು ಬೋರಲು ಇಟ್ಟು, ಮೇಲೆ ಒಂದು ಪಿಂಗ್‌ಪಾಂಗ್ ಚೆಂಡು ಅಂಟಿಸಿ, ಕಣ್ಣು ಮೂಗು ಬರೆದು, ಇಳಕಲ್ ಸೀರೆಯ ಅಂಚಿನ ಬಣ್ಣ ಹಚ್ಚಿದರೆ ಗೊಂಬೆ ತಯಾರು. ಒಪ್ಪಲೇಬೇಕು, ಅದು ಚಂದ ಬಂತು. ರಟ್ಟು ಬಣ್ಣ ಕುಡಿಯುತ್ತದೆ, ಕುಡಿದದ್ದನ್ನು ಉಗುಳುವುದಿಲ್ಲ. ಮನೆಗೆ ಹಚ್ಚಿ ಉಳಿದ ಡಿಸ್ಟೆಂಪರೇ ಅದಕ್ಕೆ ಸಾಕು.

ತಕರಾರಿರುವುದು ಗಾಜಿನ ಜೊತೆ. ಮಳೆಗಾಲದಲ್ಲಿ ಹೊಳೆ ಕೆಂಪಗೆ ತುಂಬಿ 170 ಅಡಿ ಧುಮುಕತೊಡಗಿದರೆ ಊರೂರಿನಿಂದ ಮಂದಿ ಬರುತ್ತಾರೆ. ನೀರು ನೋಡುತ್ತಾರೆ, ತೂಗುಸೇತುವೆ ಹಿಂದೆ ಕಾಣುವ ಹಾಗೆ ನಿಂತು ಸೆಲ್ಫಿ ತೆಗೆಯುತ್ತಾರೆ, ಬಾಟಲಿ ಬಿಟ್ಟು ಹೋಗುತ್ತಾರೆ. "ಕುತ್ತಿಗಿ ಎಷ್ಟ ಚಂದ ಐತ್ರಿ, ನಾಕ ಹಿಡಕೊಂಡ ಬರ್ರಿ" ಅಂತ ಅಪ್ಪಣೆಯಾಯಿತು. ನೌಕರಿ ಇರುವತನಕ ಹುಡುಗರಿಂದ ಮದ್ಯಪಾನದ ದುಷ್ಪರಿಣಾಮಗಳ ಮೇಲೆ ಪ್ರಬಂಧ ಬರೆಸಿದವನು ನಾನು. ಚೀಲದಲ್ಲಿ ಖಣಖಣ ಸದ್ದು ಮಾಡಿಕೊಂಡು ಬರುತ್ತಿದ್ದಾಗ ಆ ಪ್ರಬಂಧಕ್ಕೆ ಒಳ್ಳೆಯ ಗುಣ ಪಡೆದವನೇ ಎದುರಾದ.

"ಏನ್ ಸರ್, ರಿಟೈರ್ ಆದಮ್ಯಾಲ ಶುರು ಮಾಡಿದ್ರೇನು?"

"ಇಲ್ಲೋ, ಬಣ್ಣ ಹಚ್ಚಾಕ."

"ಯಾರಿಗ್ರೀ ಸರ್?"

ಉತ್ತರ ಕೊಡುವ ಮೊದಲೇ ಅವನು ನಮಸ್ಕಾರ ಮಾಡಿ ದಾಟಿಹೋಗಿದ್ದ.

"ಇದರಾಗ ಖರ್ಚೇನೈತ್ರಿ?" ಎಂಬುದು ಈ ಕಲೆಯ ಮೂಲಮಂತ್ರ. ಬಾಟಲಿ ಪುಕ್ಕಟೆ, ನಿಜ. ಚೀಟಿ ಕೀಳಲು ಬಿಸಿನೀರು ಮತ್ತು ಸೋಡಾ ಮನೆಯಲ್ಲೇ ಇದ್ದವು. ಆದರೆ ನುಣ್ಣನೆ ಗಾಜಿಗೆ ಬಣ್ಣ ಹಿಡಿಯುವುದಿಲ್ಲ, ಹಪ್ಪಳದ ಹಾಗೆ ಏಳುತ್ತದೆ. ಆದ್ದರಿಂದ ಪಾಲಿಶ್ ಪೇಪರು, ಅದರ ಮೇಲೆ ಪ್ರೈಮರು. ಪ್ರೈಮರಿಗೊಂದು ಬ್ರಶ್ಶು, ಆ ಬ್ರಶ್ಶು ತೊಳೆಯಲು ಟರ್ಪೆಂಟೈನು. ಆಮೇಲೆ ಅಕ್ರಿಲಿಕ್ ಬಣ್ಣ, ಮಿಂಚಲಿ ಅಂತ ವಾರ್ನಿಶು, ಕುತ್ತಿಗೆಗೆ ಸುತ್ತಲು ಸುತಳಿ, ಸುತಳಿ ಕೂಡಲು ಫೆವಿಕಾಲು. ಗೋಕಾಕದ ಪೇಂಟಿನ ಅಂಗಡಿಯವನು ಈಗ ನನ್ನನ್ನು ಕಂಡರೆ ಕುರ್ಚಿ ಒರೆಸಿ, ಚಹಾ ಹೇಳುತ್ತಾನೆ. ಹೂದಾನಿಗೆ ಹೂ ಬೇಕಲ್ಲ? ಅದಕ್ಕೆ ಪ್ಲಾಸ್ಟಿಕ್ ಹೂ. ಕಸ ಕಡಿಮೆ ಮಾಡುವ ಉದ್ದೇಶ ಹೀಗೆ ಹೊಸ ಕಸ ಕೊಳ್ಳುವಲ್ಲಿಗೆ ಮುಟ್ಟಿತು.

ಅವ್ವನ ಕಾಲದಲ್ಲಿ ಇದಕ್ಕೆ ಕಲೆ ಅನ್ನುವ ದೊಡ್ಡ ಹೆಸರೂ ಇರಲಿಲ್ಲ, ಅಂಗಡಿಯ ಹಂಗೂ ಇರಲಿಲ್ಲ. ನಮ್ಮ ಹಳೆಯ ಪಟ್ಟಿಗಳನ್ನು ಹರಿದು ನೀರಲ್ಲಿ ನೆನೆಹಾಕಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಒಣಗಿಸಿದರೆ ಬುಟ್ಟಿ. ಕಹಿಗೆ ಹುಳ ಹತ್ತುವುದಿಲ್ಲ ಅನ್ನುತ್ತಿದ್ದಳು. ನಾನು ಗಣಿತದಲ್ಲಿ ಪಡೆದ ಸೊನ್ನೆಗಳೆಲ್ಲ ಹಾಗೆ ಅರೆದು, ಜ್ವಾರಿ ಹಿಟ್ಟು ತುಂಬುವ ಬುಟ್ಟಿಯಾಗಿ ಸದ್ಗತಿ ಪಡೆದವು. ಹರಿದ ಸೀರೆಗಳು ಕೌದಿಯಾದವು.

ಬಣ್ಣದ ವಿದ್ಯೆಯೂ ನಮ್ಮ ಸೀಮೆಗೆ ಹೊಸದೇನಲ್ಲ. ಗೋಕಾಕದ ಕಲಾವಿದರು ಹಗುರ ಮರದಲ್ಲಿ ಮಾಡಿ ಬಣ್ಣ ಹಚ್ಚಿದ ಹಣ್ಣು, ಕಾಯಿಪಲ್ಯ ಹೆಸರುವಾಸಿ. ಹಸಿದವನು ಕೈಹಾಕಬೇಕು, ಹಾಗಿರುತ್ತವೆ. ಇನ್ನು ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರದು ನಿಜವಾದ ಕಸದ ಪವಾಡ. ಗೋಣಿತಟ್ಟಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದು ಕಿಟ್ಟ. ಜೋಡಿಸಿದ ಮರದ ಗೊಂಬೆಯ ಮೈತುಂಬ ಕಿಟ್ಟ ಮೆತ್ತಿ, ಹತ್ತಿಬಟ್ಟೆಯ ತುಣುಕು ಅಂಟಿಸಿ, ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು, ಕಟ್ಟಕಡೆಗೆ ಬಣ್ಣ. ಇದನ್ನೆಲ್ಲ ನನ್ನಾಕೆಗೆ ವಿವರಿಸಿದೆ, ಬುದ್ಧಿ ಹೇಳುವ ಉಮೇದಿನಲ್ಲಿ. ಮರುದಿನದಿಂದ ನಮ್ಮ ಮನೆಯಲ್ಲಿ ಹುಣಸೆ ಬೀಜ ಒಗೆಯುವುದೂ ಬಂದಾಯಿತು.

ಹುಟ್ಟಿದ ಹೂದಾನಿಗಳಿಗೆಲ್ಲ ಮನೆಯಲ್ಲಿ ಜಾಗ ಎಲ್ಲಿಂದ ತರಬೇಕು? ಮುಂಜಿವಿ, ಗೃಹಪ್ರವೇಶ, ಸೀಮಂತ ಎಲ್ಲಕ್ಕೂ ಅವೇ ಆಹೇರಿಯಾದವು. ಮೊನ್ನೆ ನಮ್ಮ ಮೊಮ್ಮಗನ ಹುಟ್ಟುಹಬ್ಬಕ್ಕೆ ಬೀಗರು ಬಣ್ಣದ ಕಾಗದ ಸುತ್ತಿ ಏನೋ ತಂದರು. ಬಿಚ್ಚಿದರೆ ನವಿಲು ಬರೆದ ಹಸಿರು ಬಾಟಲಿ. ನವಿಲಿನ ಕಾಲು ಕೋಳಿಯದರ ಹಾಗಿತ್ತು, ಆದ್ದರಿಂದ ಯಾರ ಕೈಯದೆಂದು ತಕ್ಷಣ ಗುರುತಾಯಿತು. ನನ್ನಾಕೆ ಮಾತ್ರ "ನೋಡ್ರಿ, ಬೀಗರಿಗೂ ಈ ಕಲಾ ಬಂತು!" ಅಂತ ಹಿಗ್ಗಿದಳು.

ಫಾಲ್ಸ್ ನೋಡಲು ಬರುವವರಲ್ಲಿ ಒಂದು ಕಳಕಳಿಯ ವಿನಂತಿ. ಬರ್ರಿ, ನೀರು ನೋಡ್ರಿ, ಕರದಂಟು ತಿನ್ರಿ, ಗೋಕಾಕದ ಬಣ್ಣದ ಆಟಿಗೆಯೊಂದನ್ನು ರೊಕ್ಕ ಕೊಟ್ಟು ಒಯ್ಯಿರಿ. ಖಾಲಿ ಬಾಟಲಿಯನ್ನು ಮಾತ್ರ ದಂಡೆಯ ಮೇಲೆ ಬಿಡದೆ ನಿಮ್ಮೂರಿಗೇ ತೆಗೆದುಕೊಂಡು ಹೋಗ್ರಿ. ನಮ್ಮ ಅಟ್ಟದ ಮೇಲೆ ಜಾಗ ಇಲ್ಲ.