ಡಿಫರೆನ್ಸ್ ಮೇಷ್ಟ್ರು

ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ತಪ್ಪಿಸಿಕೊಂಡವರಿಗೆ ಎರಡು ಸಿಗುತ್ತವೆ. ಒಂದು ಬಿಸಿ ಟೀ, ಇನ್ನೊಂದು ನಮ್ಮ ಡಿಫರೆನ್ಸ್ ಮೇಷ್ಟ್ರ ಪಾಠ. ಟೀಗೆ ದುಡ್ಡು ಕೊಡಬೇಕು. ಪಾಠ ಪುಕ್ಕಟೆ, ಬೇಡವೆಂದರೂ ಬಿಡುವುದಿಲ್ಲ.

ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರಾದವರು. ಹೆಸರು ಬೇಡ, ಇಂಥವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಟೀ ಅಂಗಡಿಗಳಲ್ಲೂ ಒಬ್ಬೊಬ್ಬರು ಕೂತಿರುತ್ತಾರೆ. ಅರ್ಧ ತೋಳಿನ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು: ನೀಲಿ ಬರೆಯುವುದಕ್ಕೆ, ಕೆಂಪು ತಿದ್ದುವುದಕ್ಕೆ. ನೀಲಿಗೆ ರಿಟೈರ್‌ಮೆಂಟ್ ಆಗಿದೆ, ಕೆಂಪು ಇನ್ನೂ ಸರ್ವೀಸಿನಲ್ಲಿದೆ. ಟೀ ಅಂಗಡಿಯ ಬೆಲೆಪಟ್ಟಿಯಲ್ಲಿ ‘ಕಾಪಿ’ ಎಂದಿದ್ದ ಕಡೆ ಕೆಂಪು ಗುರುತು ಬಿದ್ದಿದೆ. “ಕಾಪಿ ಹೊಡೆಯೋದು ಪರೀಕ್ಷೇಲಿ, ಕಾಫಿ ಕುಡಿಯೋದು ಅಂಗಡೀಲಿ. ಡಿಫರೆನ್ಸ್ ಇದೆ.” ಈ ಕೊನೆಯ ಎರಡು ಪದಗಳಿಂದಲೇ ಅವರಿಗೆ ಆ ಹೆಸರು ಅಂಟಿದ್ದು.

ಹೊಸಬರಿಗೆ ಮೊದಲ ಪಾಠ ಊರಿನ ಹೆಸರಿನದೇ.

“ಪೋಸ್ಟ್ ಅಂದ್ರೆ ಏನಯ್ಯ?”

“ಅಂಚೆ ಸಾ.”

“ಕಾಗದ ಹೋಗೋದೂ ಪೋಸ್ಟು, ಕೆಲಸ ಸಿಗೋದೂ ಪೋಸ್ಟು, ನೆಟ್ಟ ಕಂಬವೂ ಪೋಸ್ಟು. ನಮ್ಮೂರಿನದು ಮೂರನೇದು. ದಾರಿ ಕವಲೊಡೆಯೋ ಕಡೆ ಕೈ ಚಾಚಿ ದಿಕ್ಕು ತೋರಿಸೋ ಕಂಬ. ಚಿಕ್ಕಮಗಳೂರು ಕಡೆ ಕೈಮರ ಅಂದ್ರು, ಮಂಗಳೂರು ಕಡೆ ಕೈಕಂಬ ಅಂದ್ರು. ನಾವು ಇಂಗ್ಲಿಷನ್ನೇ ಇಟ್ಕೊಂಡ್ವಿ.”

“ಹಂಗಾರೆ ನೀವೂ ಹ್ಯಾಂಡ್‌ಪೋಸ್ಟೇ ಕನಿ ಸಾ. ಇದ್ದಲ್ಲೇ ಇದ್ಕಂಡು ಬಂದೋರ್ಗೆಲ್ಲ ಕೈ ತೋರಿಸ್ತೀರಿ.”

ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದರು. ನಮ್ಮ ಮೇಷ್ಟ್ರದು ‘ಇಗೋ ಇಂಗ್ಲಿಷ್’. ಇಲ್ಲಿ ಯಾರೂ ಕೇಳಿರುವುದಿಲ್ಲ.

ಹೊಗೆಸೊಪ್ಪಿನ ಹರಾಜು ಶುರುವಾದರೆ ಮೇಷ್ಟ್ರಿಗೆ ಸುಗ್ಗಿ. ಸೊಪ್ಪು ಹದ ಮಾಡುವ ಮನೆಗೆ ನಮ್ಮ ಕಡೆಯವರೆಲ್ಲ ಬ್ಯಾರನ್ ಎನ್ನುತ್ತಾರೆ. ಮೇಷ್ಟ್ರು ತಡೆಯುತ್ತಾರೆ. “ಅದು ಬಾರ್ನ್ ಕಣಯ್ಯ. ಬ್ಯಾರನ್ ಅಂದ್ರೆ ಇಂಗ್ಲೆಂಡಿನ ಜಹಗೀರುದಾರ. ಇನ್ನೊಂದು ಬ್ಯಾರನ್ ಇದೆ, ಅದಕ್ಕೆ ಸ್ಪೆಲ್ಲಿಂಗ್ ಬೇರೆ, ಬಂಜರು ಅಂತ ಅರ್ಥ. ಗೊತ್ತಾಯ್ತಾ?”

“ಗೊತ್ತಾಯ್ತು ಸಾ. ಬ್ಯಾರನ್ ಕಟ್ಟಿಸ್ದಾಗ ಬ್ಯಾರನ್ ಆಯ್ತೀನಿ ಅನ್ಕಂಡಿದ್ದೆ. ಎರಡು ವರ್ಸ ಮಳೆ ಕೈಕೊಡ್ತು, ಹೊಲವೇ ಬ್ಯಾರನ್ ಆಯ್ತು.”

ಮೂರು ಪದವನ್ನೂ ಒಂದೇ ಬದುಕಿನಲ್ಲಿ ಪ್ರಯೋಗಿಸಿದ ಈ ವಿದ್ಯಾರ್ಥಿಗೆ ಮೇಷ್ಟ್ರು ಅವತ್ತು ಟೀ ಕುಡಿಸಿದರು.

ಇನ್ನೊಂದು ದಿನ ಹರಾಜಿನಿಂದ ಬಂದ ಹುಡುಗ ಫೋನಿನಲ್ಲಿ, “ಇವತ್ತು ಬೇಲ್ ಆಗ್ಲಿಲ್ಲ ಕನವ್ವ, ನಾಳೀಕೆ ನೋಡ್ತೀವಿ” ಎನ್ನುತ್ತಿದ್ದ. ಪಕ್ಕದಲ್ಲಿದ್ದ ಮೈಸೂರಿನವರೊಬ್ಬರು ಮರುಗಿ, “ಯಾವ ಕೇಸಪ್ಪ? ಹೈಕೋರ್ಟಿಗೆ ಹಾಕಿ” ಎಂದರು. “ಹೈಕೋರ್ಟಲ್ಲೂ ಸೊಪ್ಪು ತಗತಾರಾ ಸಾ?” ಎಂದ ಹುಡುಗ. ಮೇಷ್ಟ್ರು ಮಧ್ಯೆ ಬಂದರು. “ಕಟ್ಟಿದ್ರೆ ಒಂದು ಬೇಲು, ಬಿಡಿಸಿದ್ರೆ ಇನ್ನೊಂದು ಬೇಲು. ಇವನದು ಹೊಗೆಸೊಪ್ಪಿನ ಕಟ್ಟು, ನಿಮ್ಮದು ಜಾಮೀನು. ಡಿಫರೆನ್ಸ್ ಇದೆ.”

ಲಾಡ್ಜಿನ ಪಾಠವಂತೂ ಹೊರಗಿನವರಿಗೆಂದೇ ಮೀಸಲು. “ಮೈಸೂರು ಬಸ್‌ಸ್ಟ್ಯಾಂಡಿನ ಹತ್ತಿರದ್ದೂ ಲಾಡ್ಜೇ, ಕಾರಾಪುರದ ಕಾಡಂಚಿನದೂ ಲಾಡ್ಜೇ. ಅಲ್ಲಿ ರೂಮಿನಲ್ಲಿ ಪ್ರಾಣಿ ಕಂಡ್ರೆ ಗಲಾಟೆ, ಇಲ್ಲಿ ಕಾಣದಿದ್ರೆ ಗಲಾಟೆ.”

ಮಳೆಗಾಲದಲ್ಲಿ ಯಾರಾದರೂ “ಕಬಿನಿ ಡ್ಯಾಮ್ ತುಂಬ್ತಂತೆ” ಎಂದರೋ, ಕೆಟ್ಟರು. “ಡ್ಯಾಮ್ ಅಂದ್ರೆ ಗೋಡೆ. ಗೋಡೆ ತುಂಬ್ತದಾ? ತುಂಬೋದು ರಿಸರ್ವಾಯರು. 2,284 ಅಡಿಗೆ ಬಂದ್ರೆ ತುಂಬಿತು ಅಂತ ಲೆಕ್ಕ. ಆಗ ಒಟ್ಟು 19.52 ಟಿಎಂಸಿ. ಕ್ಯುಸೆಕ್ಕೇ ಬೇರೆ, ಟಿಎಂಸಿಯೇ ಬೇರೆ. ಕ್ಯುಸೆಕ್ಕು ಅಂದ್ರೆ ಕೈಗೆ ಬರ್ತಾ ಇರೋ ದುಡ್ಡು, ಟಿಎಂಸಿ ಅಂದ್ರೆ ಪೆಟ್ಟಿಗೇಲಿ ನಿಂತ ದುಡ್ಡು. 11,574 ಕ್ಯುಸೆಕ್ಕು ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದ್ರೆ ಒಂದು ಟಿಎಂಸಿ.”

“ನಮ್ ಗದ್ದೆಗೆ ಅದ್ರಲ್ಲಿ ಯಾವ್ದು ಬತ್ತದೆ ಸಾ?”

ಇದಕ್ಕೆ ಮೇಷ್ಟ್ರ ಹತ್ತಿರ ಡಿಫರೆನ್ಸ್ ಇರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಮೇಷ್ಟ್ರನ್ನು ಕಂಡರೆ ಟೀ ಅಂಗಡಿಯವರಿಗೂ ಒಳಗೊಳಗೇ ನಗು. ನಾನೂ ನಕ್ಕವನೇ. ಆದರೆ ಹೋದ ಸಲ ಅಲ್ಲಿ ಕೂತಿದ್ದಾಗ ಹಳ್ಳಿಯವರೊಬ್ಬರು ಮಡಿಸಿದ ಕಾಗದ ಹಿಡಿದು ಬಂದರು. “ಪೆನ್ ಕೊಡಿ ಸಾ. ನಮ್ಮ ಭಾವಮೈದ ಟ್ರ್ಯಾಕ್ಟರ್ ತಗತಾವ್ನೆ, ಸಾಕ್ಸಿಗೊಂದು ಸೈನ್ ಹಾಕ್ಬೇಕಂತೆ.”

ಮೇಷ್ಟ್ರು ಪೆನ್ನಿನ ಬದಲು ಕೈ ಚಾಚಿದರು. ಕಾಗದ ಇಸಿದುಕೊಂಡು ಕೊನೆಯ ಪುಟ ತಿರುವಿದರು.

“ಇಲ್ಲಿ ವಿಟ್ನೆಸ್ ಅಂತ ಇಲ್ಲ. ಗ್ಯಾರಂಟರ್ ಅಂತ ಇದೆ.”

“ಎರಡೂ ಒಂದೇ ಅಲ್ವಾ ಸಾ? ಸೈನ್ ತಾನೆ?”

“ಸಾಕ್ಷಿಗೆ ಕಣ್ಣಿದ್ರೆ ಸಾಕಪ್ಪ, ಜಾಮೀನಿಗೆ ಜೇಬೂ ಬೇಕು. 1872ರ ಕರಾರು ಕಾಯಿದೆ, 128ನೇ ಕಲಮು. ಬೇರೆ ಮಾತು ಬರ್ಕೊಂಡಿಲ್ಲದಿದ್ರೆ ಸಾಲ ತಗೊಂಡೋನಿಗೆ ಎಷ್ಟು ಹೊಣೆಯೋ ಜಾಮೀನು ನಿಂತೋನಿಗೂ ಅಷ್ಟೇ ಹೊಣೆ. ಅವನು ಕಟ್ಟದಿದ್ರೆ ನೀನು ಕಟ್ಬೇಕು. ತಿಳ್ಕೊಂಡು ಹಾಕೋದಾದ್ರೆ ಹಾಕು, ನಿನ್ನಿಷ್ಟ. ಸಾಕ್ಷಿ ಅನ್ಕೊಂಡು ಮಾತ್ರ ಹಾಕ್ಬೇಡ.”

ಆತ ಕಾಗದವನ್ನು ಮೊದಲಿನ ಹಾಗೆಯೇ ಮಡಿಸಿ, “ಹೆಂಗುಸ್ರುನ್ನ ಒಂದು ಮಾತು ಕೇಳ್ತೀನಿ ಸಾ” ಎಂದು ಹೊರಟರು.

“ಕಲಮಿನ ನಂಬರೂ ನೆನಪಿದೆಯಲ್ಲ ಮೇಷ್ಟ್ರೇ, ಲಾ ಓದಿದ್ರಾ?” ಎಂದೆ.

“ಇಲ್ಲಪ್ಪ. ನಮ್ಮ ಸ್ಕೂಲಿನವರೊಬ್ಬರು ಸೊಸೈಟೀಲಿ ಸಾಲ ತೆಗೆದ್ರು. ಇಂಗ್ಲಿಷ್ ಮೇಷ್ಟ್ರು ನಾನು, ಗ್ಯಾರಂಟರ್ ಅಂತ ಬರೆದಿದ್ದರ ಕೆಳಗೆ ಓದದೆ ಸೈನ್ ಹಾಕ್ದೆ. ಅವರು ಟ್ರಾನ್ಸ್‌ಫರ್ ತಗೊಂಡು ಹೋದ್ರು. ಹದಿನೆಂಟು ತಿಂಗಳು ನನ್ನ ಸಂಬಳದಲ್ಲಿ ಹಿಡಿದ್ರು. ಅವತ್ತಿನಿಂದ ಪ್ರತಿ ಪದಕ್ಕೂ ಡಿಫರೆನ್ಸ್ ನೋಡ್ತಾ ಇದೀನಿ.”

ಕೆಂಪು ಪೆನ್ನಿನ ಗುಟ್ಟು ತಿಳಿದದ್ದು ಆಗಲೇ.

ಆದ್ದರಿಂದ, ಯಾರೇ ಆಗಲಿ “ಇಲ್ಲೊಂದು ಸೈನ್ ಹಾಕಿ” ಎಂದರೆ ಆ ಗೆರೆಯ ಹತ್ತಿರ ಏನು ಬರೆದಿದೆ ಎಂದು ಓದಿ. ತಿಳಿಯದಿದ್ದರೆ ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯಿರಿ. ಫೀಸು ಒಂದು ಟೀ. ಅದನ್ನು ‘ಚಾಯ್’ ಎಂದು ಮಾತ್ರ ಕೇಳಬೇಡಿ, ನಿಮ್ಮ ಬಸ್ಸು ತಪ್ಪುತ್ತದೆ.