ಫೋರ್ ವೀಲ್ ಹಾಕಿ ನೋಡಿ ಸಾರ್

ಕಾಡಿನಲ್ಲಿ ಮಲಗಬೇಕೆಂಬ ಆಸೆ ನನಗೆ ಹುಟ್ಟಿದ್ದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಅಮೆರಿಕದ ಯೂಟಾ ಮರುಭೂಮಿ. ಗಂಡ ಹೆಂಡತಿ ವ್ಯಾನಿನ ಹಿಂಬಾಗಿಲು ತೆರೆದು, ಹಾಸಿಗೆಯ ಮೇಲೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದರು. ಅವರ ಗಾಡಿ ನಿಂತಲ್ಲೇ ನಿಂತಿತ್ತು. ನನ್ನದೂ ಅರ್ಧ ಗಂಟೆಯಿಂದ ನಿಂತಲ್ಲೇ ಇತ್ತು. ಅವರು ನಿಂತರೆ ವ್ಯಾನ್ ಲೈಫ್, ನಾನು ನಿಂತರೆ ಟ್ರಾಫಿಕ್ ಜಾಮ್. ವ್ಯತ್ಯಾಸ ಗಾಡಿಯದ್ದೇ ಇರಬೇಕು ಅಂದುಕೊಂಡೆ.

ಹುಡುಕಲು ಕೂತಾಗ ಗೊತ್ತಾಯಿತು, ನಾಲ್ಕೂ ಚಕ್ರಕ್ಕೆ ಬಲ ಹೋಗುವ ವ್ಯಾನು ನಮ್ಮ ಹಳೇ ಗಾಡಿಗಳ ಸಂತೆಯಲ್ಲಿ ಸಿಗುವ ಮಾಲಲ್ಲ. ಜಪಾನಿನ ಮಿತ್ಸುಬಿಷಿ ಡೆಲಿಕಾದಂಥವು ಇಲ್ಲಿನ ಶೋರೂಮಿನ ಹೊಸ್ತಿಲು ತುಳಿಯಲೇ ಇಲ್ಲ. ನಮಗೆ ವ್ಯಾನ್ ಅಂದರೆ ಓಮ್ನಿ. 1984ರಲ್ಲಿ ಬಂದು 2019ರಲ್ಲಿ ನಿವೃತ್ತವಾಗುವ ತನಕ ಅದು ಶಾಲೆಯ ಮಕ್ಕಳನ್ನು, ಮದುವೆಯ ಪಾತ್ರೆಗಳನ್ನು, ಸಿನಿಮಾದಲ್ಲಿ ನಾಯಕನ ತಂಗಿಯನ್ನು ಒಂದೇ ನಿಷ್ಠೆಯಿಂದ ಸಾಗಿಸಿತು. ಆದರೆ 796 ಸಿ.ಸಿ.ಯ ಆ ಬಡಪಾಯಿ ತಳ್ಳುತ್ತಿದ್ದದ್ದು ಹಿಂದಿನ ಎರಡೇ ಚಕ್ರಗಳಿಂದ. ಉಳಿದದ್ದು ಮಿಲಿಟರಿ ಹರಾಜಿನ ಜಿಪ್ಸಿ. ಅದರಲ್ಲಿ ಮಲಗಬೇಕಾದರೆ ಮೊದಲು ನಮ್ಮನ್ನೇ ಮಡಚಿಡಬೇಕು. ಕೊನೆಗೆ ಉದ್ದನೆಯ, ಡಬ್ಬದಾಕಾರದ, ಫೋರ್ ಬೈ ಫೋರ್ ಮಾದರಿಯ ಹಳೇ ಡೀಸೆಲ್ ಗಾಡಿಯೊಂದು ಕಣ್ಣಿಗೆ ಬಿತ್ತು. ಕಂಪನಿಯ ಹೆಸರು ಬೇಡ, ಪಾಪ, ಮುಂದೆ ನಡೆದದ್ದರಲ್ಲಿ ಅದರ ತಪ್ಪಿಲ್ಲ.

ಗಾಡಿ ದೆಹಲಿಯದ್ದು. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ರಾಜಧಾನಿಯಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅಂದಿನಿಂದ ಒಂಬತ್ತು ವರ್ಷ ತುಂಬಿದ ಗಾಡಿಗಳು ಅಲ್ಲಿಂದ ದಕ್ಷಿಣಕ್ಕೆ ಕಾಶಿಯಾತ್ರೆ ಹೊರಡತೊಡಗಿದವು. ದೆಹಲಿಯ ಗಾಳಿಗೆ ಆಗದ ಹೊಗೆ ಪಶ್ಚಿಮಘಟ್ಟಕ್ಕೆ ಆಗುತ್ತದೆ ಎಂಬುದರಲ್ಲಿ ನನಗೂ ಬ್ರೋಕರಿಗೂ ಅನುಮಾನವಿರಲಿಲ್ಲ.

‘ಸಿಂಗಲ್ ಓನರ್ ಸಾರ್. ಡಾಕ್ಟ್ರು ಓಡಿಸ್ತಿದ್ದಿದ್ದು’ ಅಂದ ಬ್ರೋಕರ್. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಗಾಡಿಗಳನ್ನೆಲ್ಲ ಓಡಿಸಿದವರು ಡಾಕ್ಟರುಗಳೇ. ಅವರು ರೋಗಿಗಳನ್ನು ಯಾವಾಗ ನೋಡುತ್ತಾರೋ ಕಾಣೆ. ಗೇರಿನ ಪಕ್ಕದ ಇನ್ನೊಂದು ಲಿವರನ್ನು ಅವನು ಎಳೆದ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ‘ಫೋರ್ ವೀಲ್ ಹಾಕಿ ನೋಡಿ ಸಾರ್, ಗೋಡೆ ಹತ್ತುತ್ತೆ.’ ನಾನು ದೀಪ ನೋಡಿದೆ. ಗಾಡಿಯ ಕೆಳಗೆ ನೋಡಲಿಲ್ಲ. ಬಿಳಿ ಪ್ಯಾಂಟು ಹಾಕಿದ್ದೆ.

ಆಮೇಲೆ ಕಾಗದಗಳ ಕಾಡು. ಅಲ್ಲಿಂದ ಎನ್‌ಒಸಿಗೆ ಫಾರಂ 28, ಇಲ್ಲಿ ಹೆಸರು ಬದಲಿಗೆ 29 ಮತ್ತು 30. ನಮ್ಮ ರಾಜ್ಯದ ಜೀವಾವಧಿ ತೆರಿಗೆ ಹೊಸ ಕಾರಿಗೆ ಬೆಲೆ ನೋಡಿಕೊಂಡು ಶೇಕಡಾ 13ರಿಂದ 18. ಹಳೆಯದಕ್ಕೆ ವಯಸ್ಸು ನೋಡಿ ಒಂದಿಷ್ಟು ಕರುಣೆ ಉಂಟು. ದೆಹಲಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ನಾನು ಕುಣಿದಾಡಿದ ಹಣವೆಲ್ಲ ಇಲ್ಲಿನ ಕೌಂಟರಿನಲ್ಲಿ ಕೂತು ಕಾಯುತ್ತಿತ್ತು.

ಇನ್ನು ಹಾಸಿಗೆ. ಹಿಂದಿನ ಸೀಟು ಕಿತ್ತು ಮಂಚ ಜೋಡಿಸೋಣವೆಂದರೆ, ಕಂಪನಿ ಕೊಟ್ಟ ರೂಪ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. 2021ರಲ್ಲಿ ಕೇರಳದಲ್ಲಿ ವ್ಲಾಗರ್ ಸಹೋದರರಿಬ್ಬರ ಬಣ್ಣಬಣ್ಣದ ವ್ಯಾನನ್ನೇ ಸಾರಿಗೆ ಇಲಾಖೆ ಹಿಡಿದು ಕೂರಿಸಿತ್ತು. ಹಾಗಾಗಿ ಸೀಟುಗಳನ್ನು ಮಡಚಿ ಅವುಗಳ ಮೇಲೆ ಪ್ಲೈವುಡ್ ಹಾಸಿಸಿದೆ. ಸೀಟು ಸಮನಾಗಿ ಮಡಚಲಿಲ್ಲ. ಮಲಗಿದರೆ ತಲೆ ಕೆಳಗೆ, ಕಾಲು ಮೇಲೆ. ಶೀರ್ಷಾಸನಕ್ಕೆ ಅರ್ಧ ದಾರಿ. ಹೆಂಡತಿ ಒಳಗೆ ಇಣುಕಿ ನೋಡಿ, ‘ರೀ, ಇದರಲ್ಲಿ ಮಲಗೋಕೆ ಕಾಡೇ ಯಾಕೆ? ಸಿಲ್ಕ್ ಬೋರ್ಡ್ ಹತ್ರ ನಿಲ್ಲಿಸಿದ್ರೂ ಬೆಳಗಾಗತ್ತೆ’ ಅಂದಳು.

ಮೊದಲ ಸಾಹಸ ನಂದಿ ಬೆಟ್ಟ. ತುದಿಯವರೆಗೂ ಡಾಂಬರು, ನಿಜ. ಆದರೂ ಫೋರ್ ವೀಲ್ ಹಾಕಿದೆ. ಹಸಿರು ದೀಪ ಹೊತ್ತಿದ ಕೂಡಲೇ ಗಾಡಿಗೆ ಮುಂದಿನಿಂದ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಅನುಭವವಾಯಿತು. ‘ಗ್ರಿಪ್ ನೋಡು’ ಅಂದೆ. ಮಗ ಹ್ಞೂಂ ಅಂದ. ಇಲ್ಲೊಂದು ತಾಂತ್ರಿಕ ವಿಚಾರ ಹೇಳಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಆಲ್ ವೀಲ್ ಡ್ರೈವ್ ಗಾಡಿಗಳು ಈ ಲೆಕ್ಕವನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ನನ್ನದರಂತೆ ಲಿವರ್ ಎಳೆದು ಹಾಕುವ ಹಳೇ ಪದ್ಧತಿಯವು ಹಾಗಲ್ಲ. ಒಣ ಡಾಂಬರಿನ ತಿರುವಿನಲ್ಲಿ ಒಳಗೆಲ್ಲ ಬಿಗಿದುಕೊಂಡು ಸ್ಟೀರಿಂಗ್ ಮುಷ್ಕರ ಹೂಡುತ್ತದೆ. ನನ್ನ ಗಾಡಿ ಮಾತ್ರ ನಂದಿಯ ಅಷ್ಟೂ ತಿರುವುಗಳಲ್ಲಿ ಬೆಣ್ಣೆಯಂತೆ ತಿರುಗಿತು. ಡಾಕ್ಟರು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂದುಕೊಂಡೆ.

ಎರಡು ವರ್ಷ ಹೀಗೇ ನಡೆಯಿತು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪನ್ನು ಮಳೆ ಬಂದಾಗಲೆಲ್ಲ ಫೋರ್ ವೀಲ್‌ನಲ್ಲೇ ಹತ್ತಿದೆ. ಕ್ಯಾಂಪಿಂಗ್ ಮಾತ್ರ ಕೈಗೂಡಲಿಲ್ಲ. ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ, 2009ರಿಂದಲೂ. ಮೀಸಲು ಅರಣ್ಯದಲ್ಲಿ ಗಾಡಿ ನಿಲ್ಲಿಸಿ ಒಲೆ ಹಚ್ಚಿದರೆ ಬರುವವನು ಕರಡಿಯಲ್ಲ, ಗಾರ್ಡು. ಒಟ್ಟು ಮೂರು ರಾತ್ರಿ ಅದರಲ್ಲಿ ಮಲಗಿದ್ದೇವೆ. ಎರಡು ಪೆಟ್ರೋಲ್ ಬಂಕಿನಲ್ಲಿ, ಲಾರಿಗಳ ನಡುವೆ. ಒಂದು ಅತ್ತೆ ಮನೆಯ ಅಂಗಳದಲ್ಲಿ. ಮಾವನವರು ಮಗಳು ಅಳಿಯನ ನಡುವೆ ಏನೋ ಆಗಿದೆ ಅಂದುಕೊಂಡು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ.

ಹೋದ ಜುಲೈಯಲ್ಲಿ ಹೊಸನಗರ ತಾಲೂಕಿನ ನಿಟ್ಟೂರಿನ ಕಡೆ ಹೊರಟೆವು. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದ ಒಳಗೆ, ಅಲ್ಲಿ ಗಾಡಿಯಲ್ಲಿ ಮಲಗುವ ಮಾತೇ ಇಲ್ಲ. ಆದರೆ ಒಬ್ಬರ ಅಡಿಕೆ ತೋಟದ ಪಕ್ಕ ‘ಕ್ಯಾಂಪ್ ಸೈಟ್’ ಇತ್ತು. ನಮ್ಮದೇ ಗಾಡಿಯಲ್ಲಿ ನಾವೇ ಮಲಗಲು ತಲೆಗೆ 1,200 ರೂಪಾಯಿ, ಅಕ್ಕಿರೊಟ್ಟಿ ಸೇರಿ. ಮುಖ್ಯರಸ್ತೆ ಬಿಟ್ಟು ಕೆಂಪು ಕೆಸರಿನ ದಾರಿ ಹಿಡಿದಾಗ ನನ್ನ ಜನ್ಮ ಸಾರ್ಥಕವಾಯಿತು. ಇಂಥದ್ದನ್ನು ನಾವು ಆಫ್ ರೋಡ್ ಅನ್ನುತ್ತೇವೆ. ಅಲ್ಲಿಯವರು ರೋಡ್ ಅನ್ನುತ್ತಾರೆ. ದಾರಿ ಶುರುವಾಗುವಲ್ಲೇ ಹಳೇ ಬ್ಯಾನರೊಂದು ನೇತಾಡುತ್ತಿತ್ತು: ರಸ್ತೆ ಮಾಡಿಕೊಡುವ ತನಕ ಮತ ಹಾಕುವುದಿಲ್ಲವಂತೆ. ಅದರ ಕೆಳಗೆ ಗಾಡಿ ನಿಲ್ಲಿಸಿ ಫೋಟೊ ತೆಗೆಸಿಕೊಂಡೆ. ಬ್ಯಾನರಿನಲ್ಲಿ ಬರೆದದ್ದು ಫ್ರೇಮಿನಲ್ಲಿ ಬರದಂತೆ ಮಗ ಜಾಣತನದಿಂದ ತೆಗೆದ.

ಮೊದಲ ಏರಿನಲ್ಲೇ ಸಿಕ್ಕಿಬಿದ್ದೆವು. ಲಿವರ್ ಎಳೆದೆ, ಹಸಿರು ದೀಪ ಬಂತು, ಆಕ್ಸಿಲರೇಟರ್ ತುಳಿದೆ. ಹಿಂದಿನ ಚಕ್ರಗಳು ಹೊಂಡ ತೋಡಿಕೊಂಡು ಇಳಿದವು. ಹೆಂಡತಿ ಕೊಡೆ ಹಿಡಿದು ಕೆಳಗೆ ನಿಂತಿದ್ದಳು. ‘ರೀ, ಮುಂದಿನ ಚಕ್ರ ತಿರುಗ್ತಾನೇ ಇಲ್ಲ.’

‘ಅದು ಹಾಗಲ್ಲ ಕಣೇ, ಅಗತ್ಯ ಬಿದ್ದಾಗ ಮಾತ್ರ ತಿರುಗುತ್ತೆ.’

‘ಇದಕ್ಕಿಂತ ಅಗತ್ಯ ಇನ್ನು ಯಾವಾಗ ಬೀಳತ್ತೆ?’

ಅಷ್ಟರಲ್ಲಿ ಮೇಲಿನಿಂದ ಹಳೇ ಜೀಪೊಂದು ಬಂತು. ಒಳಗೆ ಗೊಬ್ಬರದ ಮೂಟೆ, ಇಬ್ಬರು ಹೆಂಗಸರು, ಒಂದು ಕರು. ಐವತ್ತರ ಆಸುಪಾಸಿನ ಡ್ರೈವರು ಇಳಿದು ನನ್ನ ಗಾಡಿಯ ಹಿಂದಿನ ‘4×4’ ಫಲಕವನ್ನು ಗೌರವದಿಂದಲೇ ನೋಡಿದರು. ‘ಎಂಥ ಸಾರ್, ಫೋರ್ ವೀಲ್ ಉಂಟಲ್ಲ, ಹಾಕಿ.’ ಹಾಕಿದ್ದೀನಿ ಅಂದೆ. ಅವರು ಗೋಣಿಚೀಲ ಹಾಸಿ ಕೆಳಗೆ ನುಸುಳಿದರು. ತುಸು ಹೊತ್ತು ಸದ್ದಿಲ್ಲ. ಆಮೇಲೆ ಗಾಡಿಯ ಅಡಿಯಿಂದಲೇ ದನಿ ಬಂತು.

‘ಮಾರಾಯ್ರೆ, ಎದುರಿನ ಶಾಫ್ಟೇ ಇಲ್ಲ ಇದಕ್ಕೆ.’

ಪೇಟೆಯಲ್ಲಿ ಓಡಿಸುವವರು ಅದನ್ನು ಬಿಚ್ಚಿಸಿ ಇಡುವುದುಂಟಂತೆ. ಡೀಸೆಲ್ ಉಳಿಯುತ್ತದೆ, ಸದ್ದು ಕಡಿಮೆ. ಲಿವರ್ ಎಳೆದರೆ ದೀಪ ಹೊತ್ತಿಯೇ ಹೊತ್ತುತ್ತದೆ. ಬಲ ಮುಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ನಂದಿ ಬೆಟ್ಟದಲ್ಲಿ ನನ್ನನ್ನು ಮುಂದಿನಿಂದ ಎಳೆದವರು ಯಾರೆಂದು ಯೋಚಿಸುತ್ತ ಮಳೆಯಲ್ಲಿ ನಿಂತೆ. ಮಗ ಆ ಕಡೆ ತಿರುಗಿ ಭುಜ ಕುಣಿಸುತ್ತಿದ್ದ. ಅಳುತ್ತಿದ್ದನೆಂದು ಭಾವಿಸಲು ಪ್ರಯತ್ನಪಟ್ಟೆ.

ಜೀಪಿಗೆ ಹಗ್ಗ ಕಟ್ಟಿ ಎಳೆಯಲು ಐದು ನಿಮಿಷ ಹಿಡಿಯಿತು. ಕರು ಇಳಿಯಲಿಲ್ಲ, ಕೂತಲ್ಲಿಂದಲೇ ನಮ್ಮನ್ನು ನೋಡುತ್ತಿತ್ತು. ಆ ಜೀಪಿನ ಮೇಲೆ ಎಲ್ಲಿಯೂ ಏನೂ ಬರೆದಿರಲಿಲ್ಲ. ದುಡ್ಡು ಕೊಡಲು ಹೋದರೆ ಬೇಡ ಅಂದರು. ಒತ್ತಾಯಿಸಿದಾಗ ಸ್ವಲ್ಪ ಸಂಕೋಚದಿಂದ ಕೇಳಿದರು:

‘ನಿಮಗೆ ಬೇಡದಿದ್ರೆ ಆ ಬೋರ್ಡ್ ಕೊಡ್ತೀರಾ ಸಾರ್? ಮಗ ಒಬ್ಬ ಇದಾನೆ, ಏಳನೇ ಕ್ಲಾಸು. ಅವನ ಸೈಕಲ್ಲಿಗೆ ಅಂಟಿಸ್ತಾನೆ.’

ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಕೊಟ್ಟೆ. ‘ಈ ದಾರೀಲಿ ಸೈಕಲ್ ಹೋಗುತ್ತಾ ಅಣ್ಣಾ?’ ಅಂದೆ.

‘ಎಲ್ಲಿ ಹೋಗ್ತದೆ ಸಾರ್ ಮಳೆಗಾಲದಲ್ಲಿ? ಹೊಳೆ ಆಚೆ ಶಾಲೆ. ಕಾಲುಸಂಕದ ಮೇಲೆ ಹೆಗಲಿಗೆ ಹಾಕ್ಕೊಂಡು ದಾಟ್ತಾನೆ’ ಅನ್ನುತ್ತ ಅವರು ಫಲಕದ ಕೆಸರನ್ನು ಲುಂಗಿಯಲ್ಲಿ ಒರೆಸಿ ಜೇಬಿಗಿಟ್ಟುಕೊಂಡರು.