ನೋಡುವ ಮೊದಲೇ ಹತ್ತಕ್ಕೆ ಹತ್ತು

ಸಿನಿಮಾ ತೆರೆಗೆ ಬರುವುದು ಶುಕ್ರವಾರ. ರೇಟಿಂಗ್ ಗುರುವಾರ ರಾತ್ರಿಯೇ ಬಿದ್ದಿರುತ್ತದೆ. ಬಾಸ್ ಸಿನಿಮಾ ಆದರೆ ಹತ್ತಕ್ಕೆ ಹತ್ತು. ಎದುರು ಪಾಳಯದ ಬಾಸ್ ಆದರೆ ಹತ್ತಕ್ಕೆ ಒಂದು. ಸೊನ್ನೆ ಒತ್ತಲು ಜಾಗವಿಲ್ಲ, ಅದಕ್ಕೇ ಒಂದು. ‘ನೋಡಿದ್ಯೇನಪ್ಪಾ?’ ಎಂದು ಮಾತ್ರ ಕೇಳಬೇಡಿ. ಅವಮಾನವಾಗುತ್ತದೆ. ದೇವರನ್ನು ಕಣ್ಣಾರೆ ನೋಡಿದವರೇ ಆರತಿ ಎತ್ತುತ್ತಾರಾ?

ಇವನು ನಮ್ಮ ಕನ್ನಡದ ಸಿನಿಮಾ ಅಭಿಮಾನಿ. ರಾಜ್‌ಕುಮಾರ್ ಇವರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ಅದು ಅವರ ದೊಡ್ಡತನ. ಇವರು ಅದನ್ನು ನೇಮಕಾತಿ ಆದೇಶ ಎಂದುಕೊಂಡರು. ಅಂದಿನಿಂದ ಡ್ಯೂಟಿ ಮೇಲಿದ್ದಾರೆ.

ಡ್ಯೂಟಿ ಶುರುವಾಗುವುದು ಟ್ರೈಲರ್‌ನಿಂದ. ಇಪ್ಪತ್ತನಾಲ್ಕು ಗಂಟೆಯಲ್ಲಿ ಎಷ್ಟು ವ್ಯೂಸ್? ರೆಕಾರ್ಡ್ ಮುರಿಯಿತೋ ಇಲ್ಲವೋ? ಮನೆಯಲ್ಲಿರುವ ಅಷ್ಟೂ ಫೋನುಗಳಲ್ಲಿ ಟ್ರೈಲರ್ ಹಾಕಿ, ಸೌಂಡ್ ತೆಗೆದು, ಇವನು ಮಗ್ಗುಲಾಗುತ್ತಾನೆ. ರಾತ್ರಿಯಿಡೀ ಫೋನುಗಳು ಟ್ರೈಲರ್ ನೋಡುತ್ತವೆ. ಅಭಿಮಾನಿ ಗೊರಕೆ ಹೊಡೆಯುತ್ತಾನೆ. ಬೆಳಗ್ಗೆ ‘ಕರ್ನಾಟಕ ನಿದ್ದೆಗೆಟ್ಟಿದೆ’ ಎಂದು ಬರೆಯುತ್ತಾನೆ.

ಆಮೇಲೆ ಕಲೆಕ್ಷನ್ನು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪೂರಕ ಪರೀಕ್ಷೆ ಬರೆದವನಿಗೆ ಗ್ರಾಸ್, ನೆಟ್, ಶೇರ್, ಓವರ್‌ಸೀಸ್ ಎಲ್ಲ ನಾಲಿಗೆಯ ತುದಿಯಲ್ಲಿ. ನಿರ್ಮಾಪಕ ಸ್ವಂತ ಹೆಂಡತಿಗೂ ಹೇಳದ ಲೆಕ್ಕ ಇವನಿಗೆ ಗೊತ್ತು. ತನ್ನ ಬೈಕಿನ ಕಂತು ಎರಡು ತಿಂಗಳಿಂದ ಬೌನ್ಸ್ ಆಗಿರುವುದು ಗೊತ್ತಿಲ್ಲ. ಕೋಟಿ ಬಂದದ್ದು ಯಾರಿಗೆ? ನಿರ್ಮಾಪಕನಿಗೆ. ಸಿಹಿ ಹಂಚುವವನು ಯಾರು? ಇವನು. ಸಿಹಿಗೆ ದುಡ್ಡು? ಅಪ್ಪನದು.

ಬಾಸ್ ಹುಟ್ಟುಹಬ್ಬಕ್ಕೆ ನಮ್ಮ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ಎದ್ದಿದೆ. ಬಸ್ ನಂಬರಿನ ಬೋರ್ಡು ಅದರ ಹಿಂದೆ ಮಾಯ. ನಡುವೆ ಬಾಸ್, ಕೈಯಲ್ಲಿ ಮಚ್ಚು. ಮೇಲೆ ಬಾಸ್‌ಗಿಂತ ದೊಡ್ಡ ತಲೆಯೊಂದಿದೆ. ಅದು ಮುಂದಿನ ಸಲ ವಾರ್ಡಿಗೆ ನಿಲ್ಲಬೇಕೆಂದಿರುವವರದು. ಅವರು ಕೈಮುಗಿದಿದ್ದಾರೆ. ಕೆಳಗೆ ಸಾಲುಸಾಲು ಹುಡುಗರು, ಪಾಸ್‌ಪೋರ್ಟ್ ಸೈಜಿನಲ್ಲಿ. ಎಲ್ಲರಿಗೂ ಕೂಲಿಂಗ್ ಗ್ಲಾಸು. ಅರ್ಧ ಜನ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಾರೆ. ಅಷ್ಟು ಜರೂರಾಗಿ ಯಾರ ಜೊತೆ ಮಾತಾಡುತ್ತಿದ್ದಾರೋ. ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಹಾರ್ಧಿಕ ಶುಭಾಷಯಗಳು’. ಎರಡು ಪದ, ಎರಡು ತಪ್ಪು. ಕನ್ನಡಕ್ಕೆ ಪ್ರಾಣ ಕೊಡಲು ರೆಡಿ ಇರುವವರಿಗೆ ಕಾಗುಣಿತಕ್ಕೆಲ್ಲ ಪುರುಸೊತ್ತಿಲ್ಲ.

ಬೆಂಗಳೂರಿನಲ್ಲಿ ಫ್ಲೆಕ್ಸ್‌ಗೆ 2018ರಲ್ಲೇ ನಿಷೇಧ ಬಿದ್ದಿದೆ. ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ಪಾಲಿಕೆ ಎಚ್ಚೆತ್ತು ಮಾಡಿದ್ದು. ಇಲ್ಲಿ ಹೆಸರಿದೆ, ಫೋಟೊ ಇದೆ, ಏರಿಯಾ ಇದೆ. ತಪ್ಪೊಪ್ಪಿಗೆಯನ್ನು ಇಷ್ಟು ಬಣ್ಣದಲ್ಲಿ ಅಚ್ಚು ಹಾಕಿಸಿ ನೇತುಹಾಕುವ ಅಪರಾಧಿಗಳು ಬೇರೆಲ್ಲೂ ಸಿಗಲಿಕ್ಕಿಲ್ಲ. ಆದರೂ ಕಡತದಲ್ಲಿ ಇವರು ‘ಅಪರಿಚಿತ ವ್ಯಕ್ತಿಗಳು’.

ಹಾಲಿನ ವಿಷಯಕ್ಕೆ ಬರೋಣ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಅವತ್ತು ನಮ್ಮ ಹುಡುಗ ಕೆಂಡ. ಬಡವರು ಕಾಫಿ ಕುಡಿಯೋದು ಬೇಡ್ವಾ? ಮಕ್ಕಳಿಗೆ ಏನು ಕುಡಿಸ್ಬೇಕು? ನ್ಯಾಯವಾದ ಪ್ರಶ್ನೆಗಳು. ಬಾಸ್ ಸಿನಿಮಾ ಬಂದ ಶುಕ್ರವಾರ ಇದೇ ಹುಡುಗ ಕಟೌಟಿನ ಹೆಗಲೇರಿ ಕೂರುತ್ತಾನೆ. ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಾನೆ. ಬಾಸ್ ನೆತ್ತಿಗೆ ಸುರಿಯುತ್ತಾನೆ. ಹಾಲು ನೆತ್ತಿಯಿಂದ ಮೂಗಿಗೆ, ಮೂಗಿನಿಂದ ಮೀಸೆಗೆ, ಮೀಸೆಯಿಂದ ಪ್ಲೈವುಡ್ಡಿಗೆ, ಪ್ಲೈವುಡ್ಡಿನಿಂದ ಮೋರಿಗೆ. ಮಕ್ಕಳಿಗೆ ಏನು ಕುಡಿಸಬೇಕು ಎಂಬ ಪ್ರಶ್ನೆ ಅಲ್ಲೇ ಮೋರಿಯ ಪಕ್ಕ ನಿಂತಿರುತ್ತದೆ. ಅದರ ಕಡೆ ಯಾರೂ ತಿರುಗುವುದಿಲ್ಲ. ಬ್ಯಾಂಡ್‌ಸೆಟ್ಟು ಬಂತು.

ಎಲ್ಲವೂ ತಮಾಷೆಯಲ್ಲಿ ಮುಗಿಯುವುದಿಲ್ಲ. 2024ರ ಜನವರಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಗದಗ ಜಿಲ್ಲೆಯ ಸೂರಣಗಿಯಲ್ಲಿ ರಾತ್ರೋರಾತ್ರಿ ಕಟೌಟ್ ನಿಲ್ಲಿಸಲು ಹೋದರು. ಅದು ಕರೆಂಟಿನ ತಂತಿಗೆ ತಗುಲಿತು. ಮೂವರು ಹುಡುಗರು ಸತ್ತರು. ಯಶ್ ಆ ಊರಿಗೆ ಹೋದರು, ಮನೆಯವರನ್ನು ಕಂಡರು, ಇಂಥ ಅಭಿಮಾನ ಬೇಡ ಎಂದರು. ಬಾಸ್ ಹೇಳಿದ್ದೆಲ್ಲ ವೇದವಾಕ್ಯ. ‘ಕಟೌಟ್ ಕಟ್ಟಬೇಡಿ’ ಎಂಬುದೊಂದನ್ನು ಬಿಟ್ಟು.

2006ರ ಏಪ್ರಿಲ್ 12 ನೆನಪಿದೆಯಾ? ರಾಜ್‌ಕುಮಾರ್ ತೀರಿಕೊಂಡ ದಿನ. ಬದುಕಿಡೀ ತೆರೆಯ ಮೇಲೆ ಸಜ್ಜನಿಕೆಯನ್ನೇ ಹಂಚಿದ ಮನುಷ್ಯ. ಅವರನ್ನು ಕಳಿಸಿಕೊಡಲು ಕಲ್ಲು ಬೇಕಾಯಿತು, ಸೀಮೆಎಣ್ಣೆ ಬೇಕಾಯಿತು. ಗಲಭೆ, ಗೋಲಿಬಾರಿನಲ್ಲಿ ಎಂಟು ಜನ ಸತ್ತರು, ಅವರಲ್ಲೊಬ್ಬ ಪೊಲೀಸ್. ರಾಜ್‌ಕುಮಾರ್ ಕಣ್ಣು ದಾನ ಮಾಡಿ ಹೋದರು. ದೇವರುಗಳು ಬಸ್ಸು ಸುಟ್ಟು ಹೋದರು.

ಒಂದು ಮಾತು ಹೇಳಲೇಬೇಕು. ಪುನೀತ್ 2021ರ ಅಕ್ಟೋಬರ್ 29ರಂದು ಹೋದಾಗ ಅವರ ಕಣ್ಣೂ ದಾನವಾಯಿತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಅದೂ ಅಭಿಮಾನವೇ. ಅದಕ್ಕೆ ಹಾಲೂ ಬೇಕಾಗಲಿಲ್ಲ, ಪಟಾಕಿಯೂ ಬೇಕಾಗಲಿಲ್ಲ. ಬಹುಶಃ ಅದಕ್ಕೇ ಟ್ರೆಂಡಿಂಗ್‌ನಲ್ಲಿ ಹೆಚ್ಚು ದಿನ ಉಳಿಯಲಿಲ್ಲ.

ಈಗ ಕನ್ನಡಾಭಿಮಾನ. ಕೈ ಎದೆಯ ಮೇಲಿರಲಿ.

ಪರಭಾಷೆಯ ಚಿತ್ರ ಕನ್ನಡದಲ್ಲಿ ಮಾತಾಡಿದರೆ ಕನ್ನಡ ಸಾಯುತ್ತದೆ. ಅರುವತ್ತರ ದಶಕದಿಂದ ಇದು ನಮ್ಮ ಸಿದ್ಧಾಂತ. 2015ರಲ್ಲಿ ಸ್ಪರ್ಧಾ ಆಯೋಗ ಈ ಸಿದ್ಧಾಂತಕ್ಕಾಗಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಜಡಿಯಿತು. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡಕ್ಕೆ ಬಂದಾಗ ಪ್ರತಿಭಟನೆ, ಬೆದರಿಕೆ, ಗಲಾಟೆ. ಸರಿ, ತತ್ವ ಅಂದರೆ ತತ್ವ. ಆದರೆ ಅಷ್ಟರೊಳಗೆ ‘ಮಣಿಚಿತ್ರತಾಳ್’ ‘ಆಪ್ತಮಿತ್ರ’ ಆಗಿತ್ತು. ‘ಸಿಂಗಂ’ ‘ಕೆಂಪೇಗೌಡ’ ಆಗಿತ್ತು. ‘ಮಿರ್ಚಿ’ ‘ಮಾಣಿಕ್ಯ’ ಆಗಿತ್ತು. ಕಥೆ ಅವರದು, ಫೈಟು ಅವರದು, ಇಂಟರ್ವಲ್ಲಿನ ತಿರುವೂ ಅವರದು. ಮುಖ ಮಾತ್ರ ನಮ್ಮದು. ಅದಕ್ಕೆ ನೂರು ದಿನದ ಸಂಭ್ರಮ. ದನಿ ತಂದರೆ ದ್ರೋಹ, ಕಥೆಯನ್ನೇ ಹೊತ್ತು ತಂದರೆ ಕಲೆ.

ಆಮೇಲೆ ಬಂತು 2022ರ ಏಪ್ರಿಲ್ 14. ‘ಕೆಜಿಎಫ್ 2’. ಹಿಂದಿ, ತೆಲುಗು, ತಮಿಳು, ಮಲಯಾಳಕ್ಕೆ ಡಬ್ ಆಯಿತು. ಹಿಂದಿಯೊಂದರಲ್ಲೇ 400 ಕೋಟಿ ದಾಟಿತು. ರಾತ್ರಿ ಬೆಳಗಾಗುವುದರೊಳಗೆ ಡಬ್ಬಿಂಗ್ ದಿಗ್ವಿಜಯವಾಯಿತು. ನಾವು ಅವರ ಮನೆಗೆ ಹೋದರೆ ದಿಗ್ವಿಜಯ. ಅವರು ನಮ್ಮ ಮನೆಗೆ ಬಂದರೆ ದಾಳಿ. 2017ರಲ್ಲಿ ಮೆಟ್ರೊದ ಹಿಂದಿ ಬೋರ್ಡಿಗೆ ಮಸಿ ಬಳಿದಾಗ ಚಪ್ಪಾಳೆ ತಟ್ಟಿದ ಕೈಯೇ ಹಿಂದಿ ಕಲೆಕ್ಷನ್ನಿನ ಅಂಕಿಗೆ ಹಾರ ಹಾಕಿತು. ಮಸಿಯಾದರೂ ಒಣಗಿತ್ತೋ ಇಲ್ಲವೋ.

ಇಷ್ಟೆಲ್ಲ ಕನ್ನಡಕ್ಕಾಗಿ. ಹಾಗಾದರೆ ಕನ್ನಡ ಸಿನಿಮಾಗಳ ಹೆಸರು ನೋಡಿ. ರಾಬರ್ಟ್. ಜೇಮ್ಸ್. ಮಾರ್ಟಿನ್. ಮ್ಯಾಕ್ಸ್. ಮಿಷನ್ ಸ್ಕೂಲಿನ ಹಾಜರಿ ಪುಸ್ತಕ ಓದಿದ ಹಾಗಿದೆ. ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು ಎಂದು ಲೈವ್ ಬಂದು ಗುಡುಗುವವನು ಬಾಸ್ ಪೋಸ್ಟರಿನಲ್ಲಿ ಕನ್ನಡ ಎಷ್ಟಿದೆ ಎಂದು ಇಂಚುಪಟ್ಟಿ ಹಿಡಿದಿದ್ದನ್ನು ನಾನಂತೂ ಕಂಡಿಲ್ಲ.

ಮಲಯಾಳದ ಮಾತು ಬಂದರೆ ಇವನು ವಿಮರ್ಶಕನಾಗುತ್ತಾನೆ. ‘ಕುಂಬಳಂಗಿ ನೈಟ್ಸ್ ನೋಡು ಗುರು. ಮಂಜುಮ್ಮೆಲ್ ಬಾಯ್ಸ್ ನೋಡು. ಕಂಟೆಂಟು ಅಂದ್ರೆ ಅದು. ನಮ್ಮೋರಿಗೆ ಬರಲ್ಲ ಬಿಡು.’ ನಮ್ಮವರಿಗೆ ಬರುತ್ತದೆ ಸ್ವಾಮಿ. 2013ರಲ್ಲೇ ಪವನ್ ಕುಮಾರ್ ಜನರಿಂದ ದುಡ್ಡು ಕೂಡಿಸಿ ‘ಲೂಸಿಯಾ’ ಮಾಡಿದರು. ಮಂಡ್ಯದ ಹಳ್ಳಿಗರನ್ನೇ ಹಾಕಿಕೊಂಡು ಮಾಡಿದ ‘ತಿಥಿ’ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದು ಬಂತು. 2023ರಲ್ಲಿ ತೇಜಸ್ವಿ ಕಥೆಗೆ ಅವರ ಓದುಗರೇ ಕೈಯಿಂದ ದುಡ್ಡು ಹಾಕಿ ‘ಡೇರ್‌ಡೆವಿಲ್ ಮುಸ್ತಾಫಾ’ ತಂದರು. ಅವರೂ ಅಭಿಮಾನಿಗಳೇ. ಮಾಡಿದ್ದು ಸಿನಿಮಾ, ಕಟೌಟಲ್ಲ. ನಮ್ಮ ಹುಡುಗನಿಗೆ ‘ತಿಥಿ’ಯಿಂದ ಗೊತ್ತಿರುವುದು ಗಡ್ಡಪ್ಪನ ಮೀಮು. ಅಷ್ಟೇ.

ಇನ್ನು ತಾಯಿ ಸೆಂಟಿಮೆಂಟು. ಬಾಸ್ ತೆರೆಯ ಮೇಲೆ ತಾಯಿಯ ಪಾದಕ್ಕೆ ಬಿದ್ದರೆ ಬಾಲ್ಕನಿ ತುಂಬ ಸಿಳ್ಳೆ, ಕಣ್ಣೀರು. ‘ಹೆಣ್ಣುಮಕ್ಕಳಿಗೆ ಗೌರವ ಕೊಡೋದು ಕಲಿ’ ಎಂದು ವಿಲನ್‌ಗೆ ಬಾರಿಸಿದರೆ ಚಿಲ್ಲರೆ ಕಾಸು ತೆರೆಗೆ ಹಾರುತ್ತದೆ. ಅದೇ ರಾತ್ರಿ ಬಾಸ್ ಬಗ್ಗೆ ಅರ್ಧ ಸಾಲು ಎದುರು ಹೇಳಿದ ಹೆಣ್ಣುಮಗಳೊಬ್ಬಳ ಇನ್‌ಬಾಕ್ಸಿಗೆ ಇವನು ಬರೆಯುವುದನ್ನು ಇಲ್ಲಿ ಅಚ್ಚು ಹಾಕಲಾಗದು. 2025ರ ಜುಲೈಯಲ್ಲಿ ನಟಿ ರಮ್ಯಾ ಅಂಥ ಸಂದೇಶಗಳನ್ನು ಕಳಿಸಿದ 43 ಖಾತೆಗಳ ಪಟ್ಟಿ ಹಿಡಿದು ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು. ಬಂಧನಗಳೂ ಆದವು. ಠಾಣೆಯಲ್ಲಿ ಕೂತಾಗ ಮೊದಲು ನೆನಪಾಗುವುದು ಅಮ್ಮ. ಫೋನ್ ಮಾಡಿ ಕರೆಸಿಕೊಳ್ಳಬೇಕಲ್ಲ.

ಅದಕ್ಕೂ ಒಂದು ವರ್ಷ ಹಿಂದೆ, ಕೊಲೆ ಆರೋಪದಲ್ಲಿ ನಟರೊಬ್ಬರು ಜೈಲಿಗೆ ಹೋದಾಗ, ವಿಚಾರಣಾಧೀನ ಕೈದಿಯ ಸಂಖ್ಯೆ 6106 ಫ್ಯಾಷನ್ ಆಯಿತು. ಬೈಕಿನ ಮೇಲೆ 6106. ತೋಳಿನ ಹಚ್ಚೆಯಲ್ಲಿ 6106. ಹಾಲುಗಲ್ಲದ ಕೂಸಿಗೆ ಕೈದಿಯ ಬಟ್ಟೆ ತೊಡಿಸಿ, ಅದೇ ನಂಬರ್ ಹಾಕಿ ಫೋಟೊ ತೆಗೆಸಿದವರೂ ಇದ್ದರು. ಆರೋಪ ನಿಜವೋ ಸುಳ್ಳೋ, ಅದನ್ನು ಕೋರ್ಟು ನೋಡಿಕೊಳ್ಳುತ್ತದೆ. ಆದರೆ ಸತ್ತವನೂ ಒಬ್ಬ ಅಭಿಮಾನಿ ಎಂಬುದು ಆ ನಂಬರ್ ಹಚ್ಚೆ ಹಾಕಿಸಿಕೊಳ್ಳುವಾಗ ಸೂಜಿಗಿಂತ ಜೋರಾಗಿ ಚುಚ್ಚಬೇಕಿತ್ತು. ಚುಚ್ಚಲಿಲ್ಲ.

‘ಕಾಂತಾರ’ ದೈವದ ಮೇಲಿನ ಭಯಭಕ್ತಿಯ ಕಥೆ. ಅದನ್ನು ನೋಡಿ ನಮ್ಮವರಿಗೆ ಹುಟ್ಟಿದ ಭಯಭಕ್ತಿ ಎಂಥದೆಂದರೆ, ದೈವದ ವೇಷ ಹಾಕಿಕೊಂಡು ಥಿಯೇಟರಿನ ಕಾರಿಡಾರಿನಲ್ಲಿ ಕುಣಿದರು. ದಯವಿಟ್ಟು ಅನುಕರಣೆ ಬೇಡ ಎಂದು 2025ರಲ್ಲಿ ಚಿತ್ರತಂಡವೇ ಬೇಡಿಕೊಳ್ಳಬೇಕಾಯಿತು. ತುಳುನಾಡಿನ ಹಿರಿಯರು ತಲೆ ಚಚ್ಚಿಕೊಂಡರು. ಕುಣಿದವನು ರೀಲ್ಸ್‌ಗೆ ಎಷ್ಟು ವ್ಯೂಸ್ ಬಂತೆಂದು ನೋಡಿಕೊಂಡ.

ಟಿಕೆಟ್ ದರದ ಬಗ್ಗೆ ಕೇಳಿದರೆ ಇವನು ಸಮಾಜವಾದಿ. ಮಲ್ಟಿಪ್ಲೆಕ್ಸಿನವರು ಲೂಟಿಕೋರರು, ಬಡವರು ಸಿನಿಮಾ ನೋಡುವುದು ಬೇಡವೇ, ಇತ್ಯಾದಿ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ 200 ರೂಪಾಯಿಯ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನವರು, ನಿರ್ಮಾಪಕರು ಹೈಕೋರ್ಟಿಗೆ ಓಡಿದರು. 23ರಂದು ತಡೆಯಾಜ್ಞೆ ಬಂತು. ಬಡ ಪ್ರೇಕ್ಷಕನ ಪರವಾಗಿ ಇವನು ಬೀದಿಗಿಳಿದನೇ? ಇಲ್ಲ. ಟಿಕೆಟ್ ರೇಟು ಏರಿದಷ್ಟೂ ಬಾಸ್ ಕಲೆಕ್ಷನ್ನು ಏರುತ್ತದೆ. ಕಲೆಕ್ಷನ್ನು ಏರಿದರೆ ಎದುರು ಪಾಳಯದ ಮುಖಕ್ಕೆ ಹೊಡೆದಂತೆ. ತನ್ನ ಜೇಬನ್ನೇ ಕತ್ತರಿಸಿಕೊಂಡು, ಎಷ್ಟು ಆಳಕ್ಕೆ ಕತ್ತರಿಸಿದರು ನೋಡಿ ಎಂದು ಹೆಮ್ಮೆಪಡುವ ಗಿರಾಕಿಯನ್ನು ಪಡೆದ ವ್ಯಾಪಾರ ಲೋಕದಲ್ಲಿ ಇದೊಂದೇ ಇರಬೇಕು.

ಬೆಳಗಿನ ಜಾವದ ಆಟಕ್ಕೆ ಸಾವಿರ ಕೊಟ್ಟು ಒಳಗೆ ಹೋದವನು ನೋಡುತ್ತಾನಾ? ಅದೂ ಇಲ್ಲ. ಬಾಸ್ ಎಂಟ್ರಿಗೆ ಫೋನ್ ಎತ್ತುತ್ತಾನೆ. ಹಿಂದೆ ಕೂತ ನಾವು ಅಷ್ಟಗಲದ ತೆರೆಯನ್ನು ಅವನ ಅಂಗೈಯಗಲದ ಸ್ಕ್ರೀನಿನಲ್ಲಿ ನೋಡಬೇಕು. ಎಂಟ್ರಿ ಸೀನು ಇಂಟರ್ವಲ್ಲಿಗೆ ಮುಂಚೆ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಏರುತ್ತದೆ. ಅದರ ಹಿಂದಿನ ಸ್ಟೇಟಸ್ಸು: ‘ಪೈರಸಿ ತಡೆಯಿರಿ, ಕನ್ನಡ ಸಿನಿಮಾ ಉಳಿಸಿ.’ ಸ್ವಲ್ಪ ಮುಂದೆ ಬಾಗಪ್ಪಾ ಎಂದರೆ, ‘ಕ್ಲಾಸ್ ಆಡಿಯನ್ಸು ಮನೇಲಿ ನೋಡ್ಕೊಳ್ಳಿ ಅಂಕಲ್’ ಎಂಬ ಉತ್ತರ. ನಮ್ಮ ಟಿಕೆಟ್ಟಿಗೂ ಅಷ್ಟೇ ದುಡ್ಡು ಕೊಟ್ಟಿದ್ದೆವು.

ಅದೇ ವಾರ, ಅದೇ ಊರಿನಲ್ಲಿ, ಹೊಸಬರ ಚಿತ್ರವೊಂದು ಬಂದಿರುತ್ತದೆ. ಬಾಸ್ ಇಲ್ಲ, ಮಚ್ಚಿಲ್ಲ, ಬಿಲ್ಡಪ್ಪಿಲ್ಲ. ಮಧ್ಯಾಹ್ನದ ಆಟಕ್ಕೆ ಹತ್ತು ಹನ್ನೆರಡು ತಲೆ. ನಿರ್ದೇಶಕ ಬಾಗಿಲಲ್ಲಿ ನಿಂತು ಹೊರಬಂದವರ ಕೈಕುಲುಕುತ್ತಾನೆ. ಎರಡನೇ ವಾರಕ್ಕೆ ಪೋಸ್ಟರ್ ಹರಿದು ಬಾಸ್ ಸಿನಿಮಾಕ್ಕೆ ಇನ್ನೆರಡು ಆಟ ಕೊಡುತ್ತಾರೆ.

ಎತ್ತಂಗಡಿಯಾದ ಮೇಲೆ ಅಭಿಮಾನಿ ಎಚ್ಚೆತ್ತುಕೊಳ್ಳುತ್ತಾನೆ. ‘ಇಂಥ ಒಳ್ಳೆ ಸಿನಿಮಾನ ಕೈಬಿಟ್ಟ ಕನ್ನಡಿಗರಿಗೆ ನಾಚಿಕೆಯಾಗಬೇಕು’ ಎಂದು ಉದ್ದುದ್ದ ಬರೆಯುತ್ತಾನೆ. ಸಾವಿರ ಲೈಕು ಬೀಳುತ್ತವೆ. ನಾನೂ ಓದುತ್ತಾ ಕೆಳಗಿಳಿದೆ. ಅಲ್ಲಿ ಅವನದೇ ಇನ್ನೊಂದು ಸಾಲಿತ್ತು: ‘ಯಾರತ್ರಾದ್ರೂ ಟೆಲಿಗ್ರಾಂ ಲಿಂಕ್ ಇದ್ರೆ ಹಾಕ್ರೋ. ಪ್ರಿಂಟು ಕ್ಲಿಯರ್ ಇರ್ಬೇಕು.’